ತಿರುಗಿ ನಿಂತ ಚೌಕ

"ಕೊಡು ಇಲ್ಲಿ, ಕೊಡು! ಹಂಗಲ್ಲ ಕತ್ತರಿಸೋದು," ಎನ್ನುತ್ತಾ ಚೂಟಿ ಆ ಪುಟ್ಟ ಹುಡುಗಿಯ ಕೈಯಿಂದ ಕತ್ತರಿಯನ್ನು ಕಸಿದುಕೊಂಡಳು.

ಕರ್, ಕರ್, ಕರ್, ಕರ್. ಹಳದಿ ಕಾಗದದಿಂದ ಒಂದು ಚೌಕ ಹೊರಬಂತು. ಅಂಚೆಲ್ಲ ಗೆರೆ ಎಳೆದ ಹಾಗೆ ನೇರ.

"ನೋಡಿದ್ಯಾ? ಚೌಕ ಅಂದ್ರೆ ಹೀಗಿರ್ಬೇಕು."

ಆ ಹುಡುಗಿಯ ತಲೆ ಮೇಲೆ ಯಾವಾಗಲೂ ಎರಡು ಜುಟ್ಟು ಕುಣಿಯುತ್ತಿದ್ದವು. ಅದಕ್ಕೇ ಒಂದನೇ ಕ್ಲಾಸಿನವರೆಲ್ಲ ಅವಳನ್ನು ಜುಟ್ಟು ಅಂತಲೇ ಕರೆಯುತ್ತಿದ್ದರು. ಜುಟ್ಟು ಚೌಕವನ್ನು ನೋಡಿದಳು. ತನ್ನ ಖಾಲಿ ಕೈಯನ್ನು ನೋಡಿಕೊಂಡಳು. ಆಮೇಲೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕೂತುಬಿಟ್ಟಳು.

ಚೂಟಿ ಐದನೇ ಕ್ಲಾಸು. ಯಾವ ಕೆಲಸ ಕೊಟ್ಟರೂ ಚಿಟಿಕೆ ಹೊಡೆಯುವುದರೊಳಗೆ ಮುಗಿಸುತ್ತಾಳೆ ಅಂತ ಅಜ್ಜಿ ಇಟ್ಟ ಹೆಸರು ಅದು. ಹೋದ ವಾರ ಕ್ರಾಫ್ಟ್ ಮಿಸ್ ತಮ್ಮ ಮನೆಯ ಮೆಟ್ಟಿಲಲ್ಲಿ ಜಾರಿ, ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದಿದ್ದರು. "ಒಂದನೇ ಕ್ಲಾಸಿನವರಿಗೆ ಆಕಾರ ಹೇಳಿಕೊಡ್ಬೇಕು. ನನ್ನ ಜೊತೆ ಯಾರು ಬರ್ತೀರಾ?" ಎಂದು ಕೇಳಿದರು. ಅವರ ಮಾತು ಮುಗಿಯುವ ಮೊದಲೇ ಚೂಟಿಯ ಕೈ ಮೇಲೆದ್ದಿತ್ತು.

ಕೆಲಸವೂ ಮಜವಾಗಿತ್ತು. ಮಕ್ಕಳು ಬಣ್ಣದ ಕಾಗದದಲ್ಲಿ ಚೌಕ, ತ್ರಿಕೋನ, ವೃತ್ತ ಕತ್ತರಿಸಬೇಕು. ಗೋಡೆಯ ಮೇಲಿನ ದೊಡ್ಡ ಚಾರ್ಟಿಗೆ ಅವನ್ನು ಅಂಟಿಸಿ ಒಂದು ಊರನ್ನೇ ಕಟ್ಟಬೇಕು. ಚೌಕದ ಮನೆ, ಅದರ ಮೇಲೆ ತ್ರಿಕೋನದ ಮಾಡು, ವೃತ್ತದ ಸೂರ್ಯ. ಶುಕ್ರವಾರ ಅಪ್ಪ ಅಮ್ಮಂದಿರು ನೋಡಲು ಬರುತ್ತಾರೆ.

"ಅಕ್ಕಾ, ನಂದೂ ಮಾಡ್ಕೊಡು!" ಜುಟ್ಟುವಿನ ಪಕ್ಕದವನು ತನ್ನ ಕತ್ತರಿಯನ್ನು ಚೂಟಿಯ ಮುಂದೆ ಹಿಡಿದ.

"ನಂದು ಫಸ್ಟು! ನಾನು ಆಗ್ಲೇ ಕೇಳಿದ್ದೆ!"

"ಅಕ್ಕಾ, ನಂಗೆ ಎರಡು!"

ಚೂಟಿ ಕತ್ತರಿಸಿದ್ದೇ ಕತ್ತರಿಸಿದ್ದು. ಹೆಬ್ಬೆರಳು ಕೆಂಪಾಯಿತು. ಮಂಗಳವಾರ ಸಂಜೆ ಹೊತ್ತಿಗೆ ಗೋಡೆಯ ಮೇಲೆ ಊರು ಎದ್ದು ನಿಂತಿತು. ಕ್ಯಾಲೆಂಡರಿನ ಚಿತ್ರದ ಹಾಗೆ ಅಚ್ಚುಕಟ್ಟು!

ಬುಧವಾರ ಮಿಸ್ ಚಾರ್ಟಿನ ಮುಂದೆ ನಿಂತು ನೋಡಿದರು. "ತುಂಬಾ ಚೆನ್ನಾಗಿದೆ," ಎಂದರು. ಚೂಟಿ ಉಬ್ಬಿಹೋದಳು.

ಆಮೇಲೆ ಮಿಸ್ ಮೇಜಿನ ಮೇಲೆ ಉಳಿದಿದ್ದ ನೀಲಿ ಚೌಕವೊಂದನ್ನು ಎಡಗೈಯಲ್ಲಿ ಎತ್ತಿಕೊಂಡರು. ಒಂದು ಮೂಲೆ ಮೇಲೆ, ಒಂದು ಮೂಲೆ ಕೆಳಗೆ ಬರುವ ಹಾಗೆ ಹಿಡಿದರು. "ಇದೇನು ಹೇಳಿ?"

"ಗಾಳಿಪಟ!"

"ಡೈಮಂಡ್!"

"ಚೌಕ ಅಲ್ವಾ?"

"ಅಲ್ಲ ಮಿಸ್! ಚೌಕ ಸೀದಾ ಕೂತಿರತ್ತೆ. ಇದು ಬಿದ್ದೋಗ್ತಾ ಇದೆ!"

ಮಿಸ್ ಬೋರ್ಡಿನ ಮೇಲೆ ಎಡಗೈಯಿಂದಲೇ ಒಂದು ಉದ್ದನೆಯ, ತೆಳ್ಳನೆಯ ತ್ರಿಕೋನ ಬರೆದರು.

"ಮುಳ್ಳು!" ಎಂದು ಇಡೀ ಕ್ಲಾಸು ಕೂಗಿತು.

ಚೂಟಿಯ ಕಿವಿ ಬಿಸಿಯಾಯಿತು. ಮಕ್ಕಳೆಲ್ಲ ಹೋದ ಮೇಲೆ ಮಿಸ್ ಹತ್ತಿರ ಬಂದು ನಿಂತಳು. "ಮಿಸ್, ನಾನು ಸರಿಯಾಗೇ ಕತ್ತರಿಸಿದ್ದೆ. ಒಂದೂ ಸೊಟ್ಟ ಆಗಿಲ್ಲ."

"ಹೌದು ಪುಟ್ಟಾ. ನೀನು ಕತ್ತರಿಸಿದ್ದು ಸರಿಯಾಗೇ ಇತ್ತು," ಎಂದರು ಮಿಸ್. ಅಷ್ಟೇ ಹೇಳಿ ಬ್ಯಾಗು ಎತ್ತಿಕೊಂಡು ಹೊರಟರು.

ಮನೆಯ ದಾರಿಯುದ್ದಕ್ಕೂ ಆ ಮಾತು ಚೂಟಿಯ ಹಿಂದೆಯೇ ಬಂತು. ನೀನು ಕತ್ತರಿಸಿದ್ದು. ನೀನು.

ಚೂಟಿಯ ಅಪ್ಪ ಮನೆಗಳ ನೆಲಕ್ಕೆ ಟೈಲ್ಸ್ ಹಾಕುವವರು. ಸಂಜೆ ಅವರು ಬಚ್ಚಲಲ್ಲಿ ಕೈಗೆ ಮೆತ್ತಿದ್ದ ಸಿಮೆಂಟನ್ನು ಉಜ್ಜಿ ಉಜ್ಜಿ ತೊಳೆಯುತ್ತಿದ್ದರು. ಚೂಟಿ ಬಾಗಿಲಿಗೆ ಒರಗಿ ನಿಂತು ಕೇಳಿದಳು, "ಅಪ್ಪಾ, ಚೌಕಾನ ತಿರುಗಿಸಿ ಹಿಡಿದ್ರೆ ಅದು ಚೌಕ ಅಲ್ಲ ಅಂತಾರೆ ಆ ಮಕ್ಕಳು!"

ಅಪ್ಪ ಹೋ ಎಂದು ನಕ್ಕರು. ಗೋಡೆ ಕಡೆ ತಿರುಗಿ ನಿಂತು, "ಹಂಗಾದ್ರೆ ಈಗ ನಾನು ಯಾರು? ಪಕ್ಕದ ಮನೆ ಮಾವಾನಾ?" ಎಂದರು.

ಚೂಟಿಗೂ ನಗು ಬಂತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದಳು, "ನಿಂಗೆ ಟೈಲ್ಸ್ ಹಾಕೋದು ಯಾರು ಹೇಳ್ಕೊಟ್ರು?"

"ನಿಮ್ಮ ದೊಡ್ಡಜ್ಜ. ಪಕ್ಕದಲ್ಲೇ ಕೈ ಕಟ್ಕೊಂಡು ನಿಂತಿರೋರು. ನಾನು ಹಾಕೋದು, ಕೆಡಿಸೋದು, ಕೀಳೋದು, ಮತ್ತೆ ಹಾಕೋದು. ಬೇಕಾದಷ್ಟು ಬೈತಿದ್ರು. ಆದ್ರೆ ನನ್ನ ಕೈಲಿದ್ದ ಸಿಮೆಂಟ್ ಕರಣೆ ಒಂದು ದಿನಾನೂ ಕಿತ್ಕೊಳ್ಳಿಲ್ಲ ನೋಡು."

ಜುಟ್ಟುವಿನ ಬೆನ್ನ ಹಿಂದಿನ ಕೈಗಳು ಚೂಟಿಯ ಕಣ್ಣಿಗೆ ಕಟ್ಟಿದವು.

ಗುರುವಾರ ಬೆಲ್ ಹೊಡೆಯುವ ಮೊದಲೇ ಅವಳು ಮಿಸ್ ಮುಂದೆ ನಿಂತಿದ್ದಳು. "ಮಿಸ್, ಚಾರ್ಟ್ ಕಿತ್ತು ಹಾಕ್ಲಾ? ಹೊಸದಾಗಿ ಶುರು ಮಾಡ್ತೀವಿ."

"ನಾಳೆನೇ ಶುಕ್ರವಾರ ಕಣೇ!"

"ಗೊತ್ತು ಮಿಸ್. ಆಗತ್ತೆ."

ಮಿಸ್ ಅವಳ ಮುಖವನ್ನೇ ಒಂದು ಗಳಿಗೆ ನೋಡಿ, ಹೊಸ ಚಾರ್ಟ್ ಸುರುಳಿಯನ್ನು ಕೈಗೆ ಕೊಟ್ಟರು.

ಕ್ರಾಫ್ಟ್ ಪೀರಿಯಡ್ಡಿನಲ್ಲಿ ಚೂಟಿ ಒಂದನೇ ಕ್ಲಾಸಿನ ನಡುವೆ ನೆಟ್ಟಗೆ ನಿಂತಳು. "ನಾನು ಯಾರು?"

"ಅಕ್ಕ!"

ಚೂಟಿ ಧೊಪ್ಪೆಂದು ನೆಲದ ಮೇಲೆ ಮಲಗಿದಳು. "ಈಗ?"

"ಅಕ್ಕಾ!" ಮಕ್ಕಳು ಕೇಕೆ ಹಾಕಿದರು.

ಅವಳು ಎದ್ದು ಸೊಂಟ ಬಗ್ಗಿಸಿ, ಕಾಲುಗಳ ಸಂದಿಯಿಂದ ತಲೆಕೆಳಗಾಗಿ ಇಣುಕಿದಳು. "ಈಗ?"

"ಅಕ್ಕಾನೇ!"

ಚೂಟಿ ನೀಲಿ ಚೌಕವನ್ನು ಮೂಲೆ ಮೇಲೆ ಮಾಡಿ ಹಿಡಿದಳು. "ಹಾಗಾದ್ರೆ ಇದು?"

ಒಬ್ಬ ಹುಡುಗ ಬೆರಳೆತ್ತಿ ಮೂಲೆಗಳನ್ನು ಎಣಿಸಿದ. ಇನ್ನೊಬ್ಬಳು ಎದ್ದು ಬಂದು ನಾಲ್ಕೂ ಬದಿಗೆ ಪೆನ್ಸಿಲ್ ಇಟ್ಟು ಅಳೆದಳು. "ಎಲ್ಲಾ ಒಂದೇ ಉದ್ದ. ಅಯ್ಯೋ, ಇದು ಚೌಕಾನೇ!"

ಆಮೇಲೆ ಎಲ್ಲರ ಕೈಯಲ್ಲೂ ಕತ್ತರಿ ಆಡತೊಡಗಿತು. ಜುಟ್ಟು ಮಾತ್ರ ಕೈ ಕಟ್ಟಿಕೊಂಡೇ ಕೂತಿದ್ದಳು. "ನಂಗೆ ಬರಲ್ಲ. ನೀನೇ ಮಾಡ್ಕೊಡು."

ಚೂಟಿ ಕಾಗದ, ಕತ್ತರಿ ಎರಡನ್ನೂ ಅವಳ ಮುಂದೆ ಇಟ್ಟಳು. ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಪಕ್ಕದಲ್ಲಿ ಕೂತಳು. "ನನ್ನ ಕೈ ಬಿಝಿ ಇದೆ. ನೀನೇ ಮಾಡು."

ಜುಟ್ಟು ಅನುಮಾನದಿಂದ ನೋಡಿದಳು. ಕೊನೆಗೆ ಕತ್ತರಿ ಎತ್ತಿಕೊಂಡು, ನಾಲಿಗೆ ಹೊರಹಾಕಿ ಕತ್ತರಿಸತೊಡಗಿದಳು. ಕತ್ತರಿ ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು. ಕಾಗದ ಅರ್ಧ ಹರಿಯಿತು. ಚೂಟಿಯ ಬೆರಳುಗಳು ತೊಡೆಯ ಕೆಳಗೆ ಚಡಪಡಿಸಿದವು. ಅವಳು ಇನ್ನೂ ಗಟ್ಟಿಯಾಗಿ ಒತ್ತಿಕೊಂಡಳು.

"ಸೊಟ್ಟ ಆಯ್ತು," ಎಂದಳು ಜುಟ್ಟು. ಕತ್ತರಿ ಕೆಳಗಿಟ್ಟಳು.

"ಎಷ್ಟು ಮೂಲೆ ಇದೆ?"

"ಒಂದು, ಎರಡು, ಮೂರು." ಜುಟ್ಟುವಿನ ಕಣ್ಣು ಅರಳಿತು. "ತ್ರಿಕೋನ!"

"ಮುಳ್ಳಲ್ವಾ?"

"ಅಲ್ಲಕ್ಕಾ! ಉದ್ದ ತ್ರಿಕೋನ. ಇದು ನನ್ನ ಮನೆಯ ಮಾಡು!"

ಶುಕ್ರವಾರ ಕ್ಲಾಸಿನ ತುಂಬ ಅಪ್ಪ ಅಮ್ಮಂದಿರು. ಗೋಡೆಯ ಮೇಲಿನ ಊರಿನಲ್ಲಿ ಒಂದು ಮನೆ ಮೂಲೆಯ ಮೇಲೆ ನಿಂತಿತ್ತು. ಇನ್ನೊಂದರ ಮಾಡು ಮೋಡಕ್ಕೆ ತಾಗಿತ್ತು. ಸೂರ್ಯ ಆಲೂಗಡ್ಡೆಯ ಹಾಗಿದ್ದ.

ಯಾರದೋ ಅಪ್ಪ ನಕ್ಕರು. "ಏನಿದು, ಊರಿಗೆಲ್ಲ ಭೂಕಂಪ ಆಗಿದ್ಯಾ?"

ಜುಟ್ಟು ಸೊಂಟದ ಮೇಲೆ ಕೈಯಿಟ್ಟು ಅವರ ಎದುರೇ ನಿಂತಳು. "ಭೂಕಂಪ ಅಲ್ಲ ಅಂಕಲ್. ಅದು ತಿರುಗಿ ನಿಂತಿರೋ ಚೌಕ. ಬೇಕಾದ್ರೆ ಅಳೆದು ನೋಡಿ!"

ಅವರು ಬಗ್ಗಿ, ಗೇಣು ಹಾಕಿ ಅಳೆದರು. "ಹೌದಲ್ಲಮ್ಮಾ!" ಎಂದು ತಲೆ ಕೆರೆದುಕೊಂಡರು.

"ಇದನ್ನೆಲ್ಲ ಯಾರು ಮಾಡಿದ್ದು?" ಜುಟ್ಟುವಿನ ಅಮ್ಮ ಕೇಳಿದರು.

"ನಾವೇ!"

"ಮತ್ತೆ ಈ ಅಕ್ಕ?"

ಗಮ್ ಬಾಟಲಿ ಹಿಡಿದುಕೊಂಡಿದ್ದ ಚೂಟಿಯನ್ನು ಜುಟ್ಟು ತಿರುಗಿ ನೋಡಿದಳು. ತುಂಬಾ ಯೋಚನೆ ಮಾಡಿದಳು. "ಅಕ್ಕ ಸುಮ್ನೆ ಕೂತಿದ್ಲು."

ಎಲ್ಲರೂ ಗೊಳ್ಳೆಂದು ನಕ್ಕರು. ಚೂಟಿ ಏನೋ ಹೇಳಲು ಬಾಯಿ ತೆರೆದಳು. ಹಾಗೆಯೇ ಮುಚ್ಚಿಕೊಂಡಳು. ಆಮೇಲೆ ಅವಳಿಗೂ ನಗು ಬಂತು.

"ಹೌದು ಆಂಟಿ, ಸುಮ್ನೆ ಕೂತಿದ್ದೆ," ಎಂದಳು.

ಅದೆಷ್ಟು ಕಷ್ಟದ ಕೆಲಸ ಅನ್ನುವುದು ಅವಳ ಎರಡು ಕೈಗಳಿಗೆ ಮಾತ್ರ ಗೊತ್ತಿತ್ತು.