ಅಪ್ಪನ ಪಾಲಿಗೆ ಬಂದ ಗಾಡಿ

ಮೂರು ದಿನ ಮುಖ ತೋರಿಸದ ಲೈಲ್ ನಾಲ್ಕನೆಯ ಬೆಳಿಗ್ಗೆ ಪೆಟ್ಟಿಗೆ ಹಿಡಿದು ಸ್ಟೇಷನ್ ಕ್ಯಾಂಟೀನಿಗೆ ಬಂದಾಗ ಅಲ್ಲಿ ಕೆಲಸಕ್ಕಿದ್ದ ಆರ್ಡಿಸ್‌ಗೆ ಮೈಯೆಲ್ಲ ಉರಿಯಿತು. ಕಾಫಿ ಲೋಟವನ್ನು ಅವನ ಮುಂದೆ ಕುಕ್ಕಿದಳು.

"ಏನು ಸಾಹೇಬ್ರು, ದಾರಿ ತಪ್ಪಿ ಬಂದ್ರಾ?"

ಬೇರೆ ದಿನವಾಗಿದ್ದರೆ ಅವಳ ಕೆನ್ನೆಗೆ ಮೆತ್ತಿದ ಹಿಟ್ಟು ನೋಡಿ ಕಣ್ಣಲ್ಲೇ ಕೀಟಲೆ ಮಾಡುತ್ತಿದ್ದ. ಇವತ್ತು ನಗಲಿಲ್ಲ. ಇಲ್ಲಿಯ ಕೆಲಸ ಹೋಯಿತು, ಮಧ್ಯಾಹ್ನದ ಗಾಡಿಗೆ ನೆಬ್ರಾಸ್ಕಾಗೆ ಹೊರಟಿದ್ದೇನೆ ಎಂದ. ಯಾರು ಕಿತ್ತುಕೊಂಡರು ಎಂದರೆ ಮಾತು ಬದಲಿಸಿದ.

ಉಗಿ ಎಂಜಿನ್ನಿಗೆ ನೀರು ಬೇಕೆಂದೇ ಅಯೋವಾದ ಬಯಲಲ್ಲಿ ಹುಟ್ಟಿದ ಊರು ಟಾಲ್ಮನ್. ಡೀಸೆಲ್ ಬಂತು, ಊರಿನ ಗ್ರಹಚಾರ ಕೆಟ್ಟಿತು. ನೀರಿನ ಟ್ಯಾಂಕು ತುಕ್ಕು ಹಿಡಿಯಿತು, ಎಂಜಿನ್ ಶೆಡ್ಡಿಗೆ ಬೀಗ ಬಿತ್ತು. ಕೆಲಸ ಕಳೆದುಕೊಂಡ ಹಿರಿಯರು ಸೀನಿಯಾರಿಟಿಯ ಮೇಲೆ ಕಿರಿಯರ ಜಾಗ ಹಿಡಿಯುತ್ತಿದ್ದರು. ರೈಲ್ವೆಯ ನಿಯಮವೇ ಹಾಗೆ, ಯಾರೂ ಜಗಳಕ್ಕೆ ಹೋಗುತ್ತಿರಲಿಲ್ಲ.

ಆರ್ಡಿಸ್ ಸೀದಾ ನೋಟಿಸ್ ಬೋರ್ಡಿಗೆ ಹೋದಳು. ಲೋಕಲ್ ಗೂಡ್ಸಿನಲ್ಲಿ ಬ್ರೇಕು ಹಾಕಿ ಹಳಿ ಬದಲಿಸುವ ಬ್ರೇಕ್‌ಮನ್ ಜಾಗದಲ್ಲಿ ಲೈಲ್ ಹೆಸರು ಹೊಡೆದು 'ಓರಿನ್ ಬ್ರೆಕ್' ಎಂದು ಬರೆದಿತ್ತು. ಅವಳ ಅಪ್ಪ.

"ಈ ಗಾಡಿಯಾದ್ರೆ ನಿಮ್ಮಪ್ಪ ದಿನಾ ಸಂಜೆ ಮನೆ ಸೇರಬಹುದು," ಹಿಂದೆ ಬಂದು ನಿಂತಿದ್ದ ಲೈಲ್ ಹೇಳಿದ. "ನಿಮ್ಮಮ್ಮಂಗೆ ಹಾಸಿಗೆಯಿಂದ ಏಳೋಕಾಗಲ್ಲ. ಅವರ ಜಾಗದಲ್ಲಿ ನಾನಿದ್ರೂ ಇದೇ ಮಾಡ್ತಿದ್ದೆ."

"ನನ್ನನ್ನೂ ಜೊತೆಗೆ ಬಾ ಅಂತ ಕರಿ ಲೈಲ್. ಒಂದೇ ಒಂದ್ಸಲ."

ಮಧ್ಯಾಹ್ನ ಗಾಡಿ ಬಂದು ನಿಂತ ಮೇಲೆ ಕರೆದ. "ಬರ್ತೀಯಾ?"

ಹೂಂ ಎನ್ನಲು ಎರಡು ವರ್ಷದಿಂದ ಕಾದಿದ್ದಳು, ಆದರೆ ಈಗ ಅಮ್ಮನ ನೆನಪಾಯಿತು. ಅಮ್ಮನ ಬಳಿ ಬೆಳಿಗ್ಗೆ ಪಕ್ಕದ ಮನೆಯವರು, ಸಂಜೆ ಅಪ್ಪ. ನಡುವಿನ ಹೊತ್ತು ಅವಳದು. ಅವನ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿದಳು, ಅಷ್ಟೇ. ಅವನಿಗೆ ಅರ್ಥವಾಯಿತು.

ಸಂಜೆ ಅಪ್ಪ ಕೈ ತೊಳೆದು ಊಟಕ್ಕೆ ಕೂತ. ಆ ಹುಡುಗ ಹೋದನಾ, ಏನಾದರೂ ಅಂದನಾ ಎಂದು ಕೇಳಿದ.

"ಧಾನ್ಯದ ಗೋದಾಮಿನ ಹತ್ರ ಹಳಿ ಬದಲಿಸೋ ಹಿಡಿಕೆ ಬಿಗಿಯಂತೆ. ನಿಮ್ಮಪ್ಪಂಗೆ ಸೊಂಟ ಜೋಪಾನ ಅಂತ ಹೇಳು ಅಂದ."

ಅವಳ ದನಿ ಒಡೆಯಿತು. ಅಪ್ಪ ತಲೆಯೆತ್ತಿ ಮಗಳನ್ನು ನೋಡಿದ. ಆಗ ಅವನಿಗೆ ಎಲ್ಲ ತಿಳಿಯಿತು.

"ಮೊದಲೇ ಯಾಕೆ ಹೇಳ್ಲಿಲ್ಲಮ್ಮ?"

"ಹೇಳಿದ್ರೆ ಈ ಗಾಡಿ ಬಿಟ್ಕೊಡ್ತಿದ್ಯಾ ಅಪ್ಪ?"

ಒಳಕೋಣೆಯಲ್ಲಿ ಅಮ್ಮ ಕೆಮ್ಮಿದಳು. ಅಪ್ಪ ಆ ಕಡೆ ನೋಡಿದ.

"ಇಲ್ಲ," ಎಂದ. "ಬಿಡ್ತಿರಲಿಲ್ಲ."

ಆರ್ಡಿಸ್ ಅವನ ತಟ್ಟೆಗೆ ಆಲೂಗಡ್ಡೆ ಬಡಿಸಿದಳು. ಸಿಟ್ಟು ಮಾಡಿಕೊಳ್ಳೋಣವೆಂದರೆ ಒಬ್ಬರೂ ಸಿಗಲಿಲ್ಲವಲ್ಲ ಎನ್ನಿಸಿ ಅವಳಿಗೆ ಅಳು ತಡೆಯಲಾಗಲಿಲ್ಲ.