ಹೊರಕ್ಕೆ ತೆರೆಯುವ ಬಾಗಿಲು

ಮೊದಲ ದಿನವೇ ನಾನು ಆ ಬಡಗಿಯ ಜೊತೆ ಜಗಳ ಆಡಿದೆ. ಅದೂ ಮೂರು ಮೆಟ್ಟಿಲಿಗಾಗಿ.

ಏಪ್ರಿಲ್ ತಿಂಗಳ ಬೆಳಿಗ್ಗೆ, ಆರ್ಹುಸ್ ಊರಾಚೆ ನಮ್ಮ ತೋಟಗಾರರ ಸಂಘದ ಗೇಟಿನ ಬಳಿ ಅವನ ವ್ಯಾನ್ ನಿಂತಿತ್ತು. ವ್ಯಾನಿನ ಮೂತಿಯ ಮೇಲೆ ನನ್ನ ನಕ್ಷೆಯನ್ನು ಹರಡಿಕೊಂಡು, ಅದರ ಮೇಲೆ ಆಸಾಮಿ ಏನೋ ಗೀಚುತ್ತಿದ್ದ. ನಾನು ವೀಲ್‌ಚೇರ್ ಉರುಳಿಸಿಕೊಂಡು ಹೋಗಿ ಇಣುಕಿದೆ. ಶೆಡ್ಡಿನ ಬಾಗಿಲಿಗೆ ಮೂರು ಮೆಟ್ಟಿಲು! ಪೆನ್ನಿನಲ್ಲಿ! ಎರಡು ವಾರ ಕೂತು ನಾನು ಬರೆದ ನಕ್ಷೆಯ ಮೇಲೆ!

"ಏನ್ರೀ ಇದು?"

"ಮೆಟ್ಟಿಲು."

"ಯಾರಿಗೆ?"

"ಕಾಲಲ್ಲಿ ನಡೆಯೋರಿಗೆ. ನಿಮಗೆ ಪಕ್ಕದಲ್ಲಿ ರ‍್ಯಾಂಪ್ ಇದ್ದೇ ಇದೆಯಲ್ಲ?"

"ಯಾಕೆ, ಕಾಲಲ್ಲಿ ನಡೆಯೋರಿಗೆ ರ‍್ಯಾಂಪ್ ಮೇಲೆ ನಡೆಯೋಕೆ ಬರಲ್ವಾ?"

ಮೊದಲು ಅವನ ಕಿವಿ ಕೆಂಪಾಯಿತು, ಆಮೇಲೆ ಕುತ್ತಿಗೆ. ಇಷ್ಟು ಎತ್ತರದ ಗಂಡಸು ಇಷ್ಟು ಬೇಗ ಕೆಂಪಾಗುವುದನ್ನು ನಾನು ನೋಡಿರಲಿಲ್ಲ.

"ಬರುತ್ತೆ," ಎಂದ ಮೆಲ್ಲಗೆ. "ಮೆಟ್ಟಿಲೇ ಬೇಡ. ಎಲ್ಲರೂ ಒಂದೇ ದಾರೀಲಿ ಹೋಗ್ಲಿ. ಆದ್ರೆ ಪೆನ್ನಲ್ಲಿ ಬರೆದ್ಬಿಟ್ಟಿದೀನಲ್ಲ?"

"ನಾಳೆ ಬೇರೆ ನಕ್ಷೆ ತಂದ್ಕೊಡ್ತೀನಿ."

ಇನ್ನೊಂದು ಪ್ರತಿ ನನ್ನ ಚೀಲದಲ್ಲೇ ಇತ್ತು. ನಾಳೆ ಎಂದು ಯಾಕೆ ಹೇಳಿದೆ ಎಂದು ನನ್ನನ್ನು ನಾನು ಕೇಳಿಕೊಳ್ಳಲಿಲ್ಲ.

ಅವನ ಹೆಸರು ಆಸ್ಗರ್. ನನ್ನದು ಮರೆನ್. ವಾಸ್ತುಶಿಲ್ಪಿಗಳ ಆಫೀಸಿನಲ್ಲಿ ನಕ್ಷೆ ಬರೆಯುವವಳು, ಮೂಗಿನ ತುದಿಯಲ್ಲೇ ಕೋಪ ಇರುವವಳು. ನಾಲ್ಕು ವರ್ಷದ ಹಿಂದೆ ಸೈಕಲ್ಲಿನಿಂದ ಬಿದ್ದೆ, ಅಂದಿನಿಂದ ನನ್ನ ಕಾಲ ಕೆಲಸವನ್ನು ಗಾಲಿಗಳು ಮಾಡುತ್ತವೆ. ಅದಕ್ಕೆ ಒಗ್ಗಿಕೊಂಡೆ. ಒಗ್ಗದೇ ಹೋದದ್ದು ಒಂದೇ. ಇದೇ ಸಂಘದಲ್ಲಿ ಅಮ್ಮನ ತುಂಡು ತೋಟ ಇತ್ತು, ದಾರಿಯುದ್ದಕ್ಕೂ ಜಲ್ಲಿ, ಕೊನೆಯಲ್ಲಿ ಮೆಟ್ಟಿಲು. ನಾಲ್ಕು ವರ್ಷ ನಾನು ಬೇಲಿಯ ಹೊರಗಿಂದಲೇ ಬೇರೆಯವರ ಆಲೂಗಡ್ಡೆ ನೋಡಿದ್ದೇನೆ. ಉಗುರಿನೊಳಗೆ ಮಣ್ಣು ಸೇರದ ನಾಲ್ಕು ವರ್ಷ ಬಹಳ ದೊಡ್ಡದು.

ಈ ಚಳಿಗಾಲದ ಸಭೆಯಲ್ಲಿ ನಾನು ವೀಲ್‌ಚೇರಿನವರ ತೋಟಕ್ಕೆಂದು ಗೇಟಿನ ಪಕ್ಕದ ಖಾಲಿ ಜಾಗವನ್ನು ಕೇಳಿದೆ. ನಾನೂ ಸೇರಿ ಆರು ಮಂದಿ ಹೆಸರು ಕೊಟ್ಟಿದ್ದೆವು. ಆದರೆ ಹಳೇ ಸದಸ್ಯ ಪ್ರೆಬೆನ್‌ಗೆ ಅಲ್ಲಿ ಕಬ್ಬಿಣದ ಗುಂಡು ಎಸೆದು ಆಡುವ ಅಂಗಳ ಬೇಕಿತ್ತು. ಕೊನೆಗೆ ಅಧ್ಯಕ್ಷೆ ಗುಡ್ರುನ್ ತೀರ್ಪು ಕೊಟ್ಟಳು. ಎಂಬತ್ತು ದಾಟಿದ ಹೆಂಗಸು, ಅವಳ ಮಾತಿಗೆ ಎದುರಿಲ್ಲ. ಜೂನ್ ಕೊನೆಯ ಶನಿವಾರ ಎಲ್ಲರ ಮುಂದೆ ಮರೆನ್ ಒಬ್ಬಳೇ ರ‍್ಯಾಂಪ್ ಹತ್ತಿ, ಶೆಡ್ಡಿಗೆ ಹೋಗಿ, ಒಂದು ಸಲಕರಣೆ ತೆಗೆದುಕೊಂಡು ಬರಬೇಕು. ಯಾರೂ ಅವಳನ್ನು ಮುಟ್ಟಬಾರದು. ಹಾಗೆ ಮಾಡಿದರೆ ಜಾಗ ನಮ್ಮದು. ಆಗದಿದ್ದರೆ ಪ್ರೆಬೆನ್‌ನ ಗುಂಡುಗಳದು.

ಆ ಜಾಗ ತಗ್ಗು, ನೀರು ನಿಲ್ಲುತ್ತದೆ. ಶೆಡ್ಡನ್ನು ಅರ್ಧ ಮೀಟರ್ ಎತ್ತರಿಸಲೇಬೇಕಿತ್ತು. ಅರ್ಧ ಮೀಟರ್ ಹತ್ತಲು ಹತ್ತು ಮೀಟರ್ ರ‍್ಯಾಂಪ್.

"ಹತ್ತು ಮೀಟರ್!" ಪ್ರೆಬೆನ್ ಬೇಲಿಯಾಚೆಯಿಂದ ಕೂಗಿದ. "ಶೆಡ್ಡಿಗೆ ಹೋಗೋಕೋ, ವಿಮಾನ ಹಾರಿಸೋಕೋ?"

"ವಿಮಾನ ಇಳಿದಾಗ ನಿಮ್ಮನ್ನೇ ಮೊದಲು ಕರೀತೀವಿ, ಕೈ ಬೀಸೋಕೆ," ಎಂದೆ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ತಿರುಗಿ ನೋಡಿದರೆ ಆಸ್ಗರ್, ಬಾಯಲ್ಲಿ ಎರಡು ಮೊಳೆ ಕಚ್ಚಿಕೊಂಡು ನಗು ತಡೆಯುತ್ತಿದ್ದ.

ಅಲ್ಲಿಂದ ದಿನವೂ ಆಫೀಸು ಮುಗಿಸಿ ನಾನು ತೋಟಕ್ಕೆ ಓಡತೊಡಗಿದೆ. ಓಡತೊಡಗಿದೆ ಎಂದೇ ಬರೆಯುತ್ತೇನೆ, ನನ್ನ ಗಾಲಿಗಳ ವೇಗ ನೋಡಿದವರು ಒಪ್ಪುತ್ತಾರೆ. ಅವನು ಮಾತಾಡುವಾಗ ನಿಂತಿರುತ್ತಿರಲಿಲ್ಲ. ಬಿಯರ್ ಕ್ರೇಟ್ ಬೋರಲು ಹಾಕಿ ಎದುರಿಗೆ ಕೂರುತ್ತಿದ್ದ. ಅವನ ಕಣ್ಣು ಸರಿಯಾಗಿ ನನ್ನ ಕಣ್ಣಿನ ಮಟ್ಟಕ್ಕೆ ಬರುತ್ತಿತ್ತು, ನನ್ನ ಎದೆ ಮಾತ್ರ ಮಟ್ಟ ತಪ್ಪುತ್ತಿತ್ತು.

ಮೇಜಿನಂತೆ ಎತ್ತರಿಸಿದ ಪಾತಿಗಳ ಕೆಳಗೆ ಮೊಣಕಾಲು ತೂರುವಷ್ಟು ಜಾಗ ಬೇಕೆಂದಾಗ ಅವನು ನನ್ನ ವೀಲ್‌ಚೇರನ್ನು ಒಂದು ಗಂಟೆ ಸಾಲ ಕೇಳಿದ. ನಾನು ಕ್ರೇಟಿನ ಮೇಲೆ ಕೂತು ನೋಡಿದೆ. ಅವನ ಉದ್ದ ಕಾಲು ಎಲ್ಲಿಯೂ ತೂರದೆ, ಪಾತಿಗೆ ಮಂಡಿ ಬಡಿದುಕೊಂಡು, ಅಯ್ಯೋ ಎನ್ನುತ್ತಾ ಸುತ್ತಿದ. ನಕ್ಕು ನಕ್ಕು ನನಗೆ ಹೊಟ್ಟೆನೋವು ಬಂತು.

ಮೇ ತಿಂಗಳಲ್ಲಿ ಶೆಡ್ಡಿನ ಗೋಡೆ ಎದ್ದಿತು. ಹೊಸ ಮರದ ವಾಸನೆಯಲ್ಲಿ ನಾವಿಬ್ಬರೇ ಒಳಗಿದ್ದೆವು.

"ಕೈ ಚಾಚಿ," ಎಂದ.

"ಯಾಕೆ?"

"ಕೊಕ್ಕೆ ಹೊಡೀಬೇಕು. ನಿಮ್ಮ ಕೈಗೆ ಎಟುಕೋ ಕಡೆ."

ನಾನು ಕೈ ಮೇಲೆತ್ತಿದೆ. ಅವನು ನನ್ನ ಬೆರಳ ತುದಿಯ ಪಕ್ಕದಲ್ಲೇ ಪೆನ್ಸಿಲ್ ಇಟ್ಟ. ಗುರುತು ಹಾಕಲಿಲ್ಲ. ಪೆನ್ಸಿಲ್ ಅಲ್ಲೇ ನಿಂತಿತು, ಅವನ ಉಸಿರೂ ನಿಂತಿತು.

"ಆಯ್ತಾ?" ಎಂದೆ.

"ಇನ್ನೂ ಇಲ್ಲ."

"ಗೆರೆ ಎಳೆಯೋಕೆ ಇಷ್ಟು ಹೊತ್ತಾ?"

"ಸರಿಯಾಗಿ ಎಳೀಬೇಕಲ್ಲ," ಎಂದವನ ಕಿವಿ ಮತ್ತೆ ಕೆಂಪಾಯಿತು. ಆ ಸಂಜೆ ಹನ್ನೊಂದು ಕೊಕ್ಕೆಗಳಿಗೆ ಹನ್ನೊಂದು ಸಲ ಕೈ ಚಾಚಿದೆ. ಇನ್ನೂ ಇಪ್ಪತ್ತು ಬೇಕಾಗಿದ್ದರೂ ಚಾಚುತ್ತಿದ್ದೆ.

ಅಷ್ಟರಲ್ಲಿ ನನಗೊಂದು ದುರಾಸೆ ಹುಟ್ಟಿತು. ಸ್ಟ್ರಾಬೆರಿ ಪಾತಿ ಇನ್ನೂ ಸ್ವಲ್ಪ ಉದ್ದ ಬೇಕೆನಿಸಿತು. ಬಾಗಿಲ ಮುಂದಿನ ಪುಟ್ಟ ಜಗಲಿಯಿಂದ ನಲವತ್ತು ಸೆಂಟಿಮೀಟರ್ ಕದ್ದು ಪಾತಿಗೆ ಕೊಟ್ಟೆ.

"ಜಗಲಿ ಚಿಕ್ಕದಾಗಲ್ವಾ?" ಎಂದು ಆಸ್ಗರ್ ಕೇಳಿದ.

"ವೀಲ್‌ಚೇರಲ್ಲಿ ಕೂತಿರೋದು ನಾನೋ ನೀವೋ?"

ಪಾಪ, ನಾನು ಹೇಳಿದ ಅಳತೆಗೇ ಹಲಗೆ ಕತ್ತರಿಸಿದ. ಬಾಗಿಲು ಬಂದು ಕೂತದ್ದು ಪರೀಕ್ಷೆಯ ಹಿಂದಿನ ದಿನ, ಶುಕ್ರವಾರ ಸಂಜೆ. ಅಲ್ಲಿಯವರೆಗೆ ಬಾಗಿಲಿಲ್ಲದ ಶೆಡ್ಡಿಗೆ ನಾನು ನೂರು ಸಲ ಹೋಗಿ ಬಂದಿದ್ದೆ. ಬಾಗಿಲನ್ನು ತೆರೆದು ನೋಡುವ ಬುದ್ಧಿ ಇಬ್ಬರಿಗೂ ಬರಲಿಲ್ಲ. ಬಾಗಿಲಿಗೆ ಬಳಿದ ನೀಲಿ ಬಣ್ಣ ಇನ್ನೂ ಒಣಗಿರಲಿಲ್ಲ.

ಶನಿವಾರ ಎಲ್ಲರೂ ಬಂದರು. ದಾರಿಯಲ್ಲಿ ಕಾಫಿ, ಕೇಕು, ಕಂಬದಲ್ಲಿ ಬಾವುಟ. ನನ್ನ ಜೊತೆಗಾರರು ಐದು ಮಂದಿ ವೀಲ್‌ಚೇರ್ ಸಾಲಾಗಿ ನಿಲ್ಲಿಸಿಕೊಂಡು ಕೂತಿದ್ದರು. ರ‍್ಯಾಂಪ್ ಮೇಲೆ ಹೊರಟೆ. ಎಂಥ ರ‍್ಯಾಂಪ್! ಗಾಲಿಗಳು ಹಾಡಿಕೊಂಡು ಹತ್ತಿದವು. ಜನ ಚಪ್ಪಾಳೆ ಹೊಡೆದರು. ಜಗಲಿಗೆ ಬಂದು ಹಿಡಿಕೆ ಹಿಡಿದು ಎಳೆದೆ.

ಬಾಗಿಲು ನೇರ ನನ್ನ ಮಂಡಿಗೆ ಬಂದು ಬಡಿಯಿತು.

ಹಿಂದಕ್ಕೆ ಸರಿದೆ. ಹಿಂದಿನ ಗಾಲಿ ಇಳಿಜಾರಿಗೆ ಜಾರಿತು, ಸರಕ್ಕನೆ ಹಿಡಿದುಕೊಂಡೆ. ಪಕ್ಕಕ್ಕೆ ತಿರುಗಿದೆ, ಜಗಲಿಯ ಅಂಚಿನ ಕಟಕಟೆ ತಾಗಿತು. ಬಾಗಿಲು ತೆರೆಯುವಷ್ಟು ಸರಿಯಲು ಜಾಗವೇ ಇರಲಿಲ್ಲ. ಮೂರು ಸಲ ಪ್ರಯತ್ನಿಸಿದೆ. ಚಪ್ಪಾಳೆ ನಿಂತುಹೋಯಿತು.

"ಬಾಗಿಲೇ ತಪ್ಪು," ಪ್ರೆಬೆನ್ ಹೇಳಿದ. "ಯಾರು ಮಾಡಿದ್ದು ಇದನ್ನ?"

"ನಾನು," ಎಂದ ಆಸ್ಗರ್. ಟೋಪಿ ಕೈಯಲ್ಲಿ ಹಿಡಿದು ಮುಂದೆ ಬಂದಿದ್ದ. "ಬಾಗಿಲು ಹೊರಕ್ಕೆ ಕೂರಿಸಿದ್ದು ನಾನು. ನಕ್ಷೆ ಸರಿಯಾಗೇ ಇದೆ. ತಪ್ಪು ನನ್ನದು."

ಗುಡ್ರುನ್ ಹುಬ್ಬು ಗಂಟಿಕ್ಕಿದಳು. "ಬಡಗಿಯ ತಪ್ಪಾದ್ರೆ ಒಂದು ವಾರ ಕೊಡಬಹುದು. ನಕ್ಷೇನೇ ತಪ್ಪಾಗಿದ್ರೆ ಬೇರೆ ಮಾತು."

ನನಗೆ ಗೊತ್ತಿತ್ತು. ನಮ್ಮ ಊರಲ್ಲಿ ಮನೆ ಬಾಗಿಲೆಲ್ಲ ಹೊರಕ್ಕೇ ತೆರೆಯುತ್ತವೆ, ಅಭ್ಯಾಸಬಲದಿಂದ ನನ್ನ ಕೈ ಹಾಗೆಯೇ ಬರೆದಿತ್ತು. ಜಗಲಿ ಕದ್ದವಳೂ ನಾನೇ. ಊರಿಗೆಲ್ಲ ಅಳತೆಯ ಪಾಠ ಹೇಳಿದವಳು ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡಿದ್ದೆ. ಈಗ ಬಾಯಿ ಮುಚ್ಚಿಕೊಂಡಿದ್ದರೆ ತೋಟ ಉಳಿಯುತ್ತಿತ್ತು. ನಾಲ್ಕು ವರ್ಷ ಕಾದ ತೋಟ.

ಅವನತ್ತ ನೋಡಿದೆ. ತಲೆ ತಗ್ಗಿಸಿ ನಿಂತಿದ್ದ. ಸುತ್ತ ಜನ ಅವನ ಕೆಲಸವನ್ನು ಆಡಿಕೊಳ್ಳುತ್ತಿದ್ದರು. ಆ ರ‍್ಯಾಂಪ್ ಮೇಲೆ ಒಂದು ಹಲಗೆ ಕೂಡ ಕುಲುಕುವುದಿಲ್ಲ, ಅಂಥ ಕೆಲಸ ಅದು. ನನ್ನಿಂದ ಆಗಲಿಲ್ಲ.

"ಸುಳ್ಳು!" ಎಂದು ಕೂಗಿದೆ. "ಬಾಗಿಲು ಹೊರಕ್ಕೆ ಬರೆದಿದ್ದು ನಾನು. ಜಗಲಿ ಚಿಕ್ಕದು ಮಾಡಿದ್ದೂ ನಾನೇ. ಆತ ಬೇಡ ಅಂದ್ರು, ನಾನೇ ಬಾಯಿ ಮುಚ್ಚಿಸಿದೆ. ತಪ್ಪು ಪೂರ್ತಿ ನಂದೇ."

"ಹಾಗಾದ್ರೆ ಮುಗೀತು," ಎಂದ ಪ್ರೆಬೆನ್. ಅವನಿಗೂ ಖುಷಿಯಾದ ಹಾಗೆ ಕಾಣಲಿಲ್ಲ.

ಆಸ್ಗರ್ ತಲೆ ಎತ್ತಿದ. ನನ್ನನ್ನೇ ಒಂದು ಗಳಿಗೆ ನೋಡಿದ. ಟೋಪಿ ಎಸೆದು ಸ್ಟ್ರಾಬೆರಿ ಪಾತಿಯ ಅಂಚು ಹತ್ತಿ, ಕಟಕಟೆ ದಾಟಿ ಜಗಲಿಗೆ ಬಂದ. ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು ಒಂದೇ ಸಲ ಮೇಲಕ್ಕೆತ್ತಿದ. ಮೇಲೆತ್ತಿದರೆ ಬಿಡುವಂಥ ಕೀಲು ಅದು, ಬಾಗಿಲು ಕಳಚಿ ಬಂತು.

"ಮರೆನ್‌ನ ಯಾರೂ ಮುಟ್ಟಬಾರದು ಅಂದ್ರಿ," ಎಂದು ಅಲ್ಲಿಂದಲೇ ಕೂಗಿದ. "ಬಾಗಿಲು ಮುಟ್ಟಬಾರದು ಅಂತ ಯಾರೂ ಹೇಳಿಲ್ಲ!"

ಮೊದಲು ನಕ್ಕಿದ್ದು ಗುಡ್ರುನ್. ಆಮೇಲೆ ಇಡೀ ತೋಟ.

"ಹೋಗು ಮಗಳೇ," ಎಂದಳು ಕಣ್ಣೊರೆಸಿಕೊಳ್ಳುತ್ತಾ. "ತಪ್ಪು ಒಪ್ಪಿಕೊಳ್ಳೋರು ಅದನ್ನ ಸರಿ ಮಾಡೋದನ್ನೂ ಬಲ್ಲರು."

ನಾನು ಒಳಗೆ ಹೋದೆ, ಕೊಕ್ಕೆಯಿಂದ ಒಂದು ಕೈಕುಂಟೆ ತೆಗೆದೆ, ಅದನ್ನು ತಲೆಯ ಮೇಲೆತ್ತಿ ಹಿಡಿದು ಹೊರಗೆ ಬಂದೆ. ಒಪ್ಪಿಗೆಯೆಂದು ಜನರ ಕೈಗಳು ಎದ್ದವು. ಪ್ರೆಬೆನ್‌ನ ಕೈ ಕೊನೆಯಲ್ಲಿ ಎದ್ದಿತು.

"ಬಾಗಿಲು ಬೇಗ ಸರಿ ಮಾಡಿ," ಎಂದು ಗೊಣಗಿದ. "ನನ್ನ ಗುಂಡುಗಳನ್ನೂ ಅಲ್ಲೇ ಇಡೋಣ ಅಂತಿದೀನಿ."

ಎಲ್ಲರೂ ಕೇಕಿನ ಕಡೆ ಹೋದರು. ಆಸ್ಗರ್ ಇನ್ನೂ ಬಾಗಿಲು ಹಿಡಿದೇ ನಿಂತಿದ್ದ. ಅವನ ಅಂಗಿಯ ತುಂಬ ನೀಲಿ ಬಣ್ಣ.

"ಯಾಕೆ ಸುಳ್ಳು ಹೇಳ್ದೆ?" ಎಂದೆ.

"ನೀನ್ಯಾಕೆ ನಿಜ ಹೇಳ್ದೆ? ತೋಟ ಹೋಗೋದ್ರಲ್ಲಿತ್ತು. ನಾಲ್ಕು ವರ್ಷದಿಂದ ಇದನ್ನೇ ಕಾಯ್ತಿದ್ದೆ ಅಲ್ವಾ ನೀನು?"

"ನಿನ್ನನ್ನ ಅವರೆಲ್ಲ ಆಡ್ಕೊಳ್ಳೋದು ನೋಡೋಕಾಗ್ಲಿಲ್ಲ." "ತೋಟ ಹೋದ್ರೆ ಹೋಗ್ಲಿ ಅನ್ನಿಸ್ತು."

ಅವನು ಬಾಗಿಲನ್ನು ಗೋಡೆಗೆ ಒರಗಿಸಿ, ನನ್ನ ಎದುರಿಗೆ ಜಗಲಿಯ ಮೇಲೆ ಮಂಡಿಯೂರಿದ. ಇಬ್ಬರಿಗೆ ಸಾಲದ ಜಾಗ. ಅವನ ಮುಖ ನನ್ನ ಮುಖಕ್ಕೆ ಒಂದು ಗೇಣು ದೂರದಲ್ಲಿತ್ತು.

"ಮರೆನ್, ಈ ರ‍್ಯಾಂಪ್ ಮುಗಿದು ಒಂದು ತಿಂಗಳಾಯ್ತು. ಆಮೇಲೆ ನಾನು ದಿನಾ ಬರ್ತಿದ್ದಿದ್ದು…"

"ಗೊತ್ತು. ಅದೇ ಹಲಗೇನ ನೀನು ದಿನಾ ಉಜ್ಜುತ್ತಿದ್ದೆ."

"ಗೊತ್ತಿದ್ದೂ ಒಂದು ಮಾತು ಹೇಳಲಿಲ್ವಾ?"

"ಹೇಳಿದ್ರೆ ನೀನು ಬರೋದು ನಿಲ್ಲಿಸಿಬಿಟ್ಟಿದ್ರೆ?"

ಕೆಳಗಿನಿಂದ ಯಾರೋ ಕಾಫಿ ಆರುತ್ತಿದೆ ಎಂದು ಕರೆದರು. ನಾನು ಎರಡೂ ಗಾಲಿಗೆ ಬ್ರೇಕ್ ಹಾಕಿ, ಅವನ ಕಾಲರ್ ಹಿಡಿದು ಹತ್ತಿರಕ್ಕೆ ಎಳೆದುಕೊಂಡೆ.