ಸ್ಪಿರಿಟ್‌ಗೆ ಅಳಿಯದ ಮಾತು

"ರೀ, ಬಾಗಿಲು ಹಾಕ್ರೀ! ನನ್ನ ಮೂರು ವರ್ಷ ಇಲ್ಲಿದೆ!"

ಲ್ಯಾಬಿನ ಕೋಲ್ಡ್ ರೂಮಿನ ಬಾಗಿಲನ್ನು ಅಗಲವಾಗಿ ತೆರೆದುಕೊಂಡು ನಿಂತಿದ್ದ ಆ ಅಪರಿಚಿತ ಬೆಚ್ಚಿಬಿದ್ದ. ಕಪಾಟಿನ ಹಿಂದಿನಿಂದ ಎರಡು ಸ್ವೆಟರು, ಒಂದು ಮಂಕಿ ಕ್ಯಾಪು, ಅದರ ನಡುವೆ ಚಳಿಗೆ ಕೆಂಪಾದ ಒಂದು ಮೂಗು ಹೊರಬಂದವು.

"ಮೂರು ವರ್ಷ... ಎಲ್ಲಿ?" ಎಂದು ಅವನು ಸುತ್ತಮುತ್ತ ನೋಡಿದ.

ಅವಳು ಕೈಯಲ್ಲಿದ್ದ ಐಸ್ ಡಬ್ಬಿಯನ್ನು ಮುಂದೆ ಚಾಚಿದಳು. ಒಳಗೆ ಕಿರುಬೆರಳಿನಷ್ಟೂ ಇಲ್ಲದ ಒಂದು ಟ್ಯೂಬು. ಅದರ ತಳದಲ್ಲಿ ಎರಡೇ ಹನಿ!

"ಇದಾ?"

"ಇದೇ. ನಗ್ಬೇಡಿ."

ಅವನು ನಗಲಿಲ್ಲ. ಬಾಗಿಲು ಹಾಕಿದ, ಆದರೆ ತಾನು ಒಳಗೇ ಉಳಿದ. ಅರ್ಧ ತೋಳಿನ ಅಂಗಿಯಲ್ಲಿ ಹಲ್ಲು ಕಟಕಟಿಸುತ್ತಾ, "ಏನಿದೆ ಅದ್ರಲ್ಲಿ?" ಎಂದು ಕೇಳಿದ.

ಕೇಳುವವರೇ ಇಲ್ಲದಿದ್ದವಳಿಗೆ ಅಷ್ಟು ಸಾಕಿತ್ತು. ಬ್ಯಾಕ್ಟೀರಿಯಾಕ್ಕೂ ಮನೆಗೋಡೆಯಂಥ ಪೊರೆ ಇದೆ, ಒಳಗೆ ತಯಾರಾದ ಪ್ರೋಟೀನುಗಳು ಹೊರಗೆ ಹೋಗಬೇಕಾದರೆ ಪೊರೆಯಲ್ಲಿ ಕೂತ ಇನ್ನೊಂದು ಪ್ರೋಟೀನು ಬಾಗಿಲು ತೆರೆಯಬೇಕು ಎಂದಳು.

"ಆ ಬಾಗಿಲಿನ ಆಕಾರ ನೋಡ್ಬೇಕು ನಾನು. ಅದೂ ಯಾರಾದ್ರೂ ದಾಟ್ತಿರೋವಾಗ್ಲೇ! ಆದ್ರೆ ಭಾರೀ ಮುನಿಸಿನ ಪ್ರೋಟೀನು ಇದು. ಸೋಪು ಹಾಕಿ ಪೊರೆಯಿಂದ ಬಿಡಿಸ್ಬೇಕು. ಸೋಪು ಜಾಸ್ತಿಯಾದ್ರೆ ಹಾಳಾಗುತ್ತೆ, ಕಮ್ಮಿಯಾದ್ರೆ ಗಂಟು ಕಟ್ಟುತ್ತೆ."

"ನಾನು ಹೊಸದಾಗಿ ಬಂದಿರೋ ಮೈಕ್ರೋಸ್ಕೋಪಿನವನು," ಎಂದ ಅವನು. "ಅದರ ಫೋಟೋ ತೆಗೆಯೋದು ಇನ್ನು ನನ್ನ ಕೆಲಸ. ಹುಷಾರಾಗಿ ನೋಡ್ಕೋತೀನಿ."

ಲ್ಯಾಬಿನಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಬಾಗಿಲಮ್ಮ ಎಂದೇ. ಅಮ್ಮನದಂತೂ ಫೋನಿನಲ್ಲಿ ಒಂದೇ ರಾಗ: "ಜನ ಹಸು ಸಾಕ್ತಾರೆ, ನಾಯಿ ಸಾಕ್ತಾರೆ. ನನ್ನ ಮಗಳು ಕ್ರಿಮಿ ಸಾಕ್ತಾಳೆ!"

ಎರಡು ತಿಂಗಳು ಅವಳು ಅವನ ಕೆಲಸ ನೋಡಿದಳು. ಅಂಗಿಯ ಗುಂಡಿಗಿಂತ ಚಿಕ್ಕದಾದ ಜಾಲರಿಯ ಮೇಲೆ ಹನಿಯಿಟ್ಟು, ರೆಪ್ಪೆ ಮಿಟುಕಿಸುವಷ್ಟರಲ್ಲಿ ಅದನ್ನು ಹೆಪ್ಪುಗಟ್ಟಿಸುತ್ತಿದ್ದ. ಉಸಿರಿನ ತೇವ ತಾಗೀತೆಂದು ಉಸಿರು ಬಿಗಿಹಿಡಿಯುತ್ತಿದ್ದ. ನೋಡುತ್ತಾ ನೋಡುತ್ತಾ ಅವಳೂ ಉಸಿರು ಹಿಡಿಯುತ್ತಿದ್ದಳು.

ಎಂಥ ಚೆಂದದ ಕೈ ಇವನದು... ಛೇ! ನಾನು ನೋಡಬೇಕಾದದ್ದು ಜಾಲರಿ!

ಕೊನೆಗೊಂದು ದಿನ ಕಂಪ್ಯೂಟರಿನಲ್ಲಿ ಮೂರು ಎಸಳಿನ ಆಕಾರವೊಂದು ಮೂಡಿತು. ಬಾಗಿಲು ಸಿಕ್ಕಿತೆಂದು ಲ್ಯಾಬಿಗೆ ಲ್ಯಾಬೇ ಕುಣಿಯಿತು. ಗೈಡ್ ಮೇಡಂ ಅವಳನ್ನು ತಬ್ಬಿಕೊಂಡು ಶುಕ್ರವಾರವೇ ಮೀಟಿಂಗ್ ಕರೆದರು.

ಆ ಮೀಟಿಂಗಿನಲ್ಲಿ ಅವಳು ಎಲ್ಲ ಹೇಳಿ ಮುಗಿಸಿದ ಮೇಲೆ ಮೇಡಂ ಅವನತ್ತ ತಿರುಗಿದರು. "ಚಿತ್ರ ತೆಗೆದವರು ನೀವು. ನೀವೂ ಒಂದು ಮಾತು ಹೇಳಿ."

ಅವನು ಎದ್ದು ನಿಂತ. ಅವಳನ್ನು ನೋಡಿದ. ಗಂಟಲು ಸರಿಮಾಡಿಕೊಂಡ.

"ಮೇಡಂ, ಇದು... ಬಾಗಿಲಲ್ಲ. ಅದೇ ಬ್ಯಾಕ್ಟೀರಿಯಾದ ಪೊರೆಯಲ್ಲಿರೋ ಇನ್ನೊಂದು ಪ್ರೋಟೀನು, ಒಂದು ಪಂಪು. ಪ್ರೋಟೀನು ಶುದ್ಧ ಮಾಡುವಾಗ ಕರೆಯದಿದ್ರೂ ಅಂಟಿಕೊಂಡು ಬಂದ್ಬಿಡುತ್ತೆ. ಇವರಿಗೆ ನಿನ್ನೆಯೇ ತಿಳಿಸಿದ್ದೆ."

ನಿನ್ನೆಯೇ?! ಅವಳು ಗರ್ರನೆ ಅವನತ್ತ ತಿರುಗಿದಳು.

"ಸುಳ್ಳು! ನನಗೆ ಯಾರೂ ಏನೂ ಹೇಳಿಲ್ಲ!"

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇನ್ನೊಂದು ತಿಂಗಳು ಕೊಡ್ತೀನಿ. ಅಷ್ಟರಲ್ಲಿ ಬಾಗಿಲು ಸಿಗದಿದ್ರೆ ಈ ಕೆಲಸ ನಿಲ್ಲಿಸೋಣ."

ಅವನು ಕಾರಿಡಾರಿನಲ್ಲಿ ಹಿಂದೆಯೇ ಓಡಿಬಂದ. "ಒಂದು ನಿಮಿಷ, ಆ ಡಬ್ಬಿ ಮೇಲೆ..."

"ಸಾಕು! ಎಲ್ಲರ ಮುಂದೆ ಮಾನ ಕಳೆದ್ರಿ, ಮೇಲೆ ಸುಳ್ಳು ಬೇರೆ! ಇನ್ಮೇಲೆ ನನ್ನ ಟ್ಯೂಬು ಮುಟ್ಟಬೇಡಿ."

ಅವನ ಮುಖ ಸಣ್ಣಗಾಯಿತು. ಅವಳು ತಿರುಗಿ ನೋಡಲಿಲ್ಲ.

ಇಪ್ಪತ್ತಾರು ದಿನ ಅವಳು ಒಬ್ಬಳೇ ಹೆಣಗಿದಳು. ಹೊಸದಾಗಿ ಬೆಳೆಸಿದಳು, ಬಿಡಿಸಿದಳು, ತೊಳೆದಳು. ಪ್ರತಿ ಸಲವೂ ಅದೇ ಹಾಳು ಪಂಪು! ಒಂದು ರಾತ್ರಿ ಫೋನಿನಲ್ಲಿ ಅವಳ ಅಳು ಕೇಳಿ ಅಮ್ಮ ಕೂಡ ತಮಾಷೆ ಮಾಡಲಿಲ್ಲ. "ಅಳ್ಬೇಡ ಕಂದ. ಮೂರು ವರ್ಷ ಸಾಕಿದೀಯ. ಋಣ ಇದ್ರೆ ಸಿಕ್ಕೇ ಸಿಗುತ್ತೆ," ಎಂದಳು.

ಇಪ್ಪತ್ತೇಳನೆಯ ದಿನ ಮಧ್ಯಾಹ್ನ ಕೋಲ್ಡ್ ರೂಮಿನ ಬಾಗಿಲು ತೆರೆಯಿತು, ಕೂಡಲೇ ಮುಚ್ಚಿತು. ಅವನು! ಈ ಸಲ ಸ್ವೆಟರ್ ಹಾಕಿಕೊಂಡೇ ಬಂದಿದ್ದ. ಕಣ್ಣುಗಳು ನಿದ್ದೆಗೆಟ್ಟು ಕೆಂಪಾಗಿದ್ದವು.

"ಬೈಯೋದಿದ್ರೆ ಆಮೇಲೆ ಬೈಯಿರಿ. ಮೊದಲು ಇದನ್ನ ನೋಡಿ."

ಕಾಗದದ ಮೇಲೊಂದು ಚಿತ್ರ. ಬಳೆಯಂಥ ಒಂದು ಆಕಾರ, ಒಂದು ಬದಿ ಸ್ವಲ್ಪ ಸರಿದುಕೊಂಡಿದೆ. ನಡುವೆ ಎಳೆಯಂತೆ ಇನ್ನೊಂದು ಪ್ರೋಟೀನು... ಅರ್ಧ ಒಳಗೆ, ಅರ್ಧ ಹೊರಗೆ!

"ನಿಮ್ಮ ಹಳೇ ಟ್ಯೂಬಿನದೇ ಚಿತ್ರಗಳು. ನಾಲ್ಕು ಲಕ್ಷ ಚುಕ್ಕೆ ಇದ್ವು, ಒಂದೊಂದೂ ಒಂದು ಪ್ರೋಟೀನು. ಪಂಪಿಗೆ ಹೊಂದದೇ ಇರೋದನ್ನೆಲ್ಲ ಕಂಪ್ಯೂಟರು ಕಸ ಅಂತ ಬಿಸಾಕಿತ್ತು. ಆ ಕಸ ಮತ್ತೆ ಮತ್ತೆ ಜಾಲಾಡಿದೆ. ಈ ಆಕಾರದವು ಹನ್ನೊಂದು ಸಾವಿರ ಸಿಕ್ವು."

ಅವಳು ಕಾಗದವನ್ನು ಕಣ್ಣಿನ ಹತ್ತಿರಕ್ಕೆ ತಂದಳು. "ಇದು... ಬಾಗಿಲು. ದಾಟ್ತಾ ಇದೆ..."

"ಗೋಡೆಯಿಂದ ಕಿತ್ತರೂ, ದಾಟ್ತಿದ್ದವನು ಜಾರದ ಹಾಗೆ ಕಾಪಾಡಿದೀರಿ. ತುಂಬಾ ಜನರ ಟ್ಯೂಬು ನೋಡಿದೀನಿ ನಾನು. ಇಂಥ ನಾಜೂಕಿನ ಕೈ ನೋಡಿಲ್ಲ. ನಾನು ಹೆಕ್ಕಿದೆ, ಅಷ್ಟೇ."

ಒಂದು ತಿಂಗಳ ಸಿಟ್ಟು ಕರಗಿತು. ಆದರೂ ಕೇಳದೇ ಇರಲಾಗಲಿಲ್ಲ.

"ಮತ್ತೆ ಆ ದಿನ ಯಾಕೆ ಸುಳ್ಳು ಹೇಳಿದ್ರಿ?"

"ಸುಳ್ಳಲ್ಲ. ನಿಮ್ಮ ಐಸ್ ಡಬ್ಬಿ ಮುಚ್ಚಳದ ಮೇಲೆ ಬರೆದಿದ್ದೆ, ನೀಲಿ ಮಾರ್ಕರಲ್ಲಿ. ಇಲ್ಲಿ ಕಾಗದ ಒದ್ದೆಯಾಗುತ್ತಲ್ಲ. 'ಇದು ಪಂಪು, ಮೀಟಿಂಗಿಗೆ ಮುಂಚೆ ಮಾತಾಡೋಣ' ಅಂತ."

ಅವಳು ಡಬ್ಬಿಯ ಮುಚ್ಚಳದತ್ತ ನೋಡಿದಳು. ಬೆಳಗ್ಗೆ ಬಂದ ಕೂಡಲೇ ಮೇಜು, ಡಬ್ಬಿ, ಮುಚ್ಚಳ ಎಲ್ಲವನ್ನೂ ಸ್ಪಿರಿಟ್‌ನಲ್ಲಿ ಒರೆಸುವುದು ಅವಳ ಮೊದಲ ಕೆಲಸ. ಆ ಶುಕ್ರವಾರ ಹತ್ತಿ ನೀಲಿಯಾಗಿತ್ತು. ಯಾರಪ್ಪಾ ಡಬ್ಬಿ ಗಲೀಜು ಮಾಡಿದ್ದು ಎಂದು ಗೊಣಗಿಕೊಂಡು, ಅದನ್ನು ಕಸದ ಬುಟ್ಟಿಗೆ ಎಸೆದಿದ್ದಳು.

"ಅಯ್ಯೋ... ನಾನೇ ಒರೆಸಿಬಿಟ್ಟೆ!"

ಅವನು ಕಣ್ಣು ಕಣ್ಣು ಬಿಟ್ಟ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅವಳಿಗೆ ನಗುತ್ತಲೇ ಅಳು ಬಂತು.

"ಕ್ಷಮಿಸಿ... ಏನೇನೋ ಅಂದುಬಿಟ್ಟೆ. ಆದ್ರೂ, ಒಂದು ಫೋನ್ ಮಾಡಬಾರದಿತ್ತಾ?"

"ನಂಬರ್ ಕೇಳೋಕೆ ಎರಡು ತಿಂಗಳಿಂದ ಧೈರ್ಯ ಒಟ್ಟು ಮಾಡ್ತಿದ್ದೆ," ಎಂದ ಅವನು, ನೆಲ ನೋಡುತ್ತಾ.

ಅಂದು ಸಂಜೆ ಮೇಡಂ ಆ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಕೆಲಸ ನಿಲ್ಲೋದಿಲ್ಲ. ಲೇಖನ ಇಬ್ಬರೂ ಜೊತೆಗೇ ಬರೀರಿ," ಎಂದಾಗ ಅವರ ಕಣ್ಣೂ ಒದ್ದೆಯಾಗಿತ್ತು.

ಮರುದಿನ ಬೆಳಗ್ಗೆ ಅವಳು ಎಂದಿನಂತೆ ಸ್ಪಿರಿಟ್ ಹತ್ತಿ ಹಿಡಿದು ಕೋಲ್ಡ್ ರೂಮಿಗೆ ಬಂದಳು. ಡಬ್ಬಿಯ ಮುಚ್ಚಳಕ್ಕೆ ಬಿಳಿ ಟೇಪು ಅಂಟಿಸಿತ್ತು. ಅದರ ಮೇಲೆ ಸಣ್ಣ ಅಕ್ಷರ.

'ಬಾಗಿಲಮ್ಮನ ಜೊತೆ ಬದುಕೆಲ್ಲ ಇರೋ ಆಸೆ. ಆಗಬಹುದಾ?'

ಅವಳು ಎರಡು ಸಲ ಓದಿದಳು. ಬೇಕೆಂದೇ ಹತ್ತಿಯಿಂದ ಒಮ್ಮೆ ಒರೆಸಿದಳು. ಇನ್ನೊಮ್ಮೆ ಒರೆಸಿದಳು. ಒಂದಕ್ಷರವೂ ಅಳಿಸಲಿಲ್ಲ!

"ಪೆನ್ಸಿಲ್," ಎಂಬ ದನಿ ಬಾಗಿಲ ಬಳಿಯಿಂದ ಬಂತು. "ಸ್ಪಿರಿಟ್‌ಗೆ ಹೋಗಲ್ಲ."

ಅವಳು ತಿರುಗಿದಳು. ಮೂಗು ಮಾತ್ರವಲ್ಲ, ಕೆನ್ನೆಯೂ ಕೆಂಪಾಗಿತ್ತು.

"ಬಾಗಿಲು ಹಾಕ್ರೀ... ಚಳಿ ಹೋಗುತ್ತೆ."

"ಹೊರಗಿಂದ ಹಾಕ್ಲಾ, ಒಳಗಿಂದಾನಾ?"

"ಒಳಗಿಂದ."